ಕನ್ನಡಿಗೆ ಅಡ್ಡವಿಟ್ಟ ಹೂವು

"ಕನ್ನಡಿ ಬರೆಯೋಕೆ ಬರಲ್ಲ ಅಂತ ಮುಂದೆ ಹೂದಾನಿ ಇಟ್ಟು ನಮ್ಮ ಕಣ್ಣಿಗೆ ಮಣ್ಣೆರಚ್ತೀಯ? ಅಂಗಡಿ ಬೋರ್ಡ್ ಬರೆಯೋ ಕೈ, ಇನ್ನೇನು ತಾನೇ ಬರೆದೀತು." ಚಿತ್ರಶಾಲೆಯ ಮೇಷ್ಟ್ರು ಹೀಗೆಂದದ್ದೇ ತಡ, ಪ್ರದರ್ಶನಕ್ಕೆ ಚಿತ್ರ ತಂದವರೆಲ್ಲ ಕಿಸಕ್ಕನೆ ನಕ್ಕರು. ಬೋರ್ಡ್ ಬರೆಯುವವನ ಮೈಯೆಲ್ಲ ಉರಿದುಹೋಯಿತು.

ಮೇಷ್ಟ್ರ ಬೆರಳು ಚಿತ್ರವನ್ನು ಕುಟ್ಟುತ್ತಿತ್ತು. ಕನ್ನಡಿಯ ಮುಂದೆ ಕೂತವರ ಮುಖ ಅದರಲ್ಲಿ ಕಾಣಬೇಕಾದ ಜಾಗಕ್ಕೇ ಸರಿಯಾಗಿ ಸೇವಂತಿಗೆಯ ಗೊಂಚಲು ಅಡ್ಡ ನಿಂತಿತ್ತು. ಅಂಚಿನಲ್ಲಿ ಬರೀ ಒಂದು ಹೆಗಲು. "ಹೂವನ್ನ ಇಲ್ಲೇ ಯಾಕಪ್ಪಾ ಇಟ್ಟೆ? ಒಂದು ಕಾರಣ ಹೇಳು, ಈಗಲೇ ಗೋಡೆಗೆ ಹಾಕಿಸ್ತೀನಿ."

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಹೂವನ್ನು ಅಲ್ಲಿಟ್ಟವಳು ಅಕ್ಕ. ಸ್ಟೌ ಸಿಡಿದು ಮುಖ ಸುಟ್ಟ ಮೇಲೆ, ದಿನಾ ಹೂದಾನಿಯನ್ನು ಕನ್ನಡಿಯ ನಡುವಿಗೆ ಸರಿಸಿಯೇ ಅವಳು ತಲೆ ಬಾಚಲು ಕೂರುತ್ತಿದ್ದಳು. ಹೂ ಬಾಡಿ ಬಾಗಿದ ದಿನ ಬಾಚುತ್ತಲೇ ಇರಲಿಲ್ಲ. ಅವಳ ಸ್ಟೂಲಿನ ಮೇಲೆ ಕೂತು, ಅವಳಿಗೆ ಕಾಣುವಷ್ಟನ್ನೇ ಅವನು ಬರೆದಿದ್ದ.

"ಏನೋ, ಬಾಯಿಗೆ ಬೀಗ ಬಿತ್ತಾ?" ಎಂದರು ಮೇಷ್ಟ್ರು. ತಮ್ಮನ ಚಿತ್ರ ನೋಡಲೆಂದು ಎಷ್ಟೋ ತಿಂಗಳ ಮೇಲೆ ಮನೆಯಿಂದ ಹೊರಬಿದ್ದಿದ್ದ ಅಕ್ಕ, ಶಾಲನ್ನು ಕೆನ್ನೆಯ ಮೇಲೆಳೆದುಕೊಂಡು ಬಾಗಿಲ ಬಳಿ ನಿಂತಿದ್ದಳು. ಅವನು ಬಾಯಿ ಬಿಟ್ಟರೆ ಅಷ್ಟೂ ಕಣ್ಣುಗಳು ಅವಳತ್ತ ತಿರುಗುತ್ತಿದ್ದವು. ಚಿತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವಳು ಯಾರೋ ಎನ್ನುವಂತೆ ಅವಳನ್ನೂ ದಾಟಿ ಅವನು ಹೊರನಡೆದ.