ತವರಿನ ಹೊಲದ ಮಣ್ಣು

ಸುಣ್ಣ ಅರಳುವ ಬಿಸಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಅಂದು ಮಧ್ಯಾಹ್ನ ಹೊನ್ನೂರಿನ ನಮ್ಮ ಜಗುಲಿಯಲ್ಲಿ ಕೃಷಿ ಇಲಾಖೆಯವರೊಬ್ಬರು ಹೊಲದ ಮಣ್ಣನ್ನು ಮೂರು ಲೋಟ ನೀರಿನಲ್ಲಿ ಕದಡಿಟ್ಟುಕೊಂಡು ಕೂತಿದ್ದರು. ಅದು ಅವ್ವನಿಗೆ ತವರಿನಿಂದ ಬಂದ ಹೊಲ. ಅಲ್ಲಿ ಪೈರು ಏಳುತ್ತಿರಲಿಲ್ಲ. ಸೊಸೆಯ ಕಾಲ್ಗುಣವೇ ಹಾಗೆ ಎಂದು ಊರಿಗೆಲ್ಲ ಹೇಳಿದ್ದ ಅಜ್ಜಿಯೂ ಅಲ್ಲೇ ಕಂಬಕ್ಕೊರಗಿ ಕೂತಿದ್ದಳು. ಅವ್ವ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ತಿರುಗುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ಓಡಾಡುತ್ತಿದ್ದೆ.

ಇಲಾಖೆಯವರು ಲೋಟದಲ್ಲಿ ಅದ್ದಿದ ನೀಲಿ ಕಾಗದ ಕೆಂಪಾಯಿತು.

"ಮಣ್ಣು ಹುಳಿಯಾಗಿದೆ ಕಣಮ್ಮ, ಸುಣ್ಣ ಬೇಕು" ಎಂದರು.

ಆಗಷ್ಟೇ ನೀರು ಹಾಕಿ ಅರಳಿಸಿದ ಬಿಸಿ ಸುಣ್ಣವನ್ನು ಒಂದು ಲೋಟಕ್ಕಿಂತ ಇನ್ನೊಂದಕ್ಕೆ ಹೆಚ್ಚಾಗಿ ಬೆರೆಸಿ, ಹೊಸ ನೀಲಿ ಕಾಗದ ಅದ್ದಿದರು. ಕೊನೆಯ ಲೋಟದಲ್ಲಿ ಅದು ಕೆಂಪಾಗಲಿಲ್ಲ.

"ಇನ್ನೊಂಚೂರು ಜಾಸ್ತಿನೇ ಸುರ್ದುಬುಡವ ಸಾ" ಎಂದ ಅಪ್ಪ.

"ಬೇಡಿ. ಎಲೆ ಅಡಿಕೆಗೆ ಸುಣ್ಣ ಜಾಸ್ತಿಯಾದ್ರೆ ಬಾಯಿ ಸುಡಲ್ವಾ? ಈ ಅಳತೆಗೇ ಹೊಲಕ್ಕೆ ಎಷ್ಟು ಗಾಡಿ ಅಂತ ಲೆಕ್ಕ ಹಾಕ್ಕೊಡ್ತೀನಿ."

"ಅಂಗಾರೆ ತೊಂದ್ರೆ ಮಣ್ಣಿಂದೇ, ಅಲ್ವಾ ಸಾ?" ಅವ್ವ ಕೇಳಿದಳು.

ಅವರು ಹೌದೆಂದು ತಲೆಯಾಡಿಸಿದರು.

"ಒಸಿ ಗಟ್ಟಿಯಾಗಿ ಯೋಳಿ ಸಾ. ನಮ್ಮತ್ತೆಗೆ ಕಿವಿ ಮಂದ."

ಅಜ್ಜಿಯ ಕಿವಿ ಚೆನ್ನಾಗಿಯೇ ಇತ್ತು.