ನಡುಗದ ಕೈ

ಕಮಲದ ಬೀಜವನ್ನು ಎರಡು ಬೆರಳ ನಡುವೆ ಹಿಡಿದು ಸೂಜಿಯನ್ನು ನೇರ ತೂರಿಸಬೇಕು. ಒಳಗಿನ ಹಸಿರು ಮೊಳಕೆ ಇನ್ನೊಂದು ಕಡೆಯಿಂದ ಈಚೆ ಬರುತ್ತದೆ. ಅದೇ ಕಹಿ. ಒಂದು ಉಳಿದರೂ ಪಾಯಸ ಕೆಟ್ಟಿತು.

ರುಯ್‌ಪಿಂಗ್ ಬೀಜ ಬಿಡಿಸುತ್ತಿದ್ದಳು. ಎದುರಿಗೆ ಮೇಷ್ಟ್ರ ಹೆಂಡತಿ, ಕೋ ಅಮ್ಮ. ನಡುವೆ ಬೋಗುಣಿ, ತಲೆಯ ಮೇಲೆ ಗೊರಗೊರ ಎನ್ನುವ ಫ್ಯಾನು. ಮುಂದಿನ ಕೋಣೆಯ ಗೋಡೆಯಲ್ಲಿ ಮೇಷ್ಟ್ರ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು. ಒಂದಕ್ಕೂ ತುಕ್ಕಿಲ್ಲ. ಕೋ ಅಮ್ಮ ಆಗಾಗ ಎಣ್ಣೆ ಸವರುತ್ತಿದ್ದರು.

“ಒಂದು ಬೀಜಾನೂ ಸೀಳಿಲ್ಲ ನೋಡು, ಆಪಿಂಗ್,” ಎಂದು ಅವಳನ್ನು ಮುದ್ದಿನ ಹೆಸರಲ್ಲಿ ಕರೆದರು ಕೋ ಅಮ್ಮ. “ನಾನು ಮದುವೆಯಾಗಿ ಬಂದಾಗಿಂದ ಬಿಡಿಸ್ತಿದೀನಿ. ಈಗಲೂ ಬೆರಳಿಗೆ ಚುಚ್ಕೋತೀನಿ.”

ರುಯ್‌ಪಿಂಗ್ ನಗಲಿಲ್ಲ.

ಪಟ್ಟಿ ಅಂದು ಬೆಳಿಗ್ಗೆ ಹೊರಬಿದ್ದಿತ್ತು. ವೈದ್ಯಕೀಯ ಮುಗಿಸಿದವರು ತಮಗೆ ಬೇಕಾದ ಆಸ್ಪತ್ರೆಗಳನ್ನು ಬರೆದುಕೊಡುತ್ತಾರೆ. ಆಸ್ಪತ್ರೆಗಳು ತಮಗೆ ಬೇಕಾದವರನ್ನು ಬರೆಯುತ್ತವೆ. ಎರಡೂ ಕೂಡಿದ ಕಡೆ ಮುಂದಿನ ಬದುಕು. ಅವಳಿಗೆ ಕೂಡಿದ್ದು ಕಾವೋಶ್ಯುಂಗ್‌ನ ದೊಡ್ಡಾಸ್ಪತ್ರೆ, ಶಸ್ತ್ರಚಿಕಿತ್ಸಾ ವಿಭಾಗ. ಅವಳೇ ಮೊದಲು ಬರೆದದ್ದು ಅದನ್ನು. ನಾಳೆ ಸಂಜೆಯೊಳಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಒಂದು ವರ್ಷ ಹೋಯಿತು. ಶಸ್ತ್ರಚಿಕಿತ್ಸೆ ಬಹುಶಃ ಎಂದೆಂದಿಗೂ ಹೋಯಿತು.

ಬುದ್ಧಿವಾದಕ್ಕೆ ಬರವಿರಲಿಲ್ಲ. ಒಂದು ಅಳತೆ ದೊಡ್ಡ ಶೂ ಕೊಂಡುಕೋ, ಕುರ್ಚಿ ಕಂಡಲ್ಲಿ ಕೂರು, ಅನ್ನ ಕಂಡಲ್ಲಿ ತಿನ್ನು ಎಂದಿದ್ದಳು ಹಿರಿಯಳೊಬ್ಬಳು. ಕತ್ತಿ ಹಿಡಿಯುವ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ತಾಯಿ ಫೋನಿನಲ್ಲಿ ನಿಟ್ಟುಸಿರಿಟ್ಟಿದ್ದಳು. ಚರ್ಮದ ವಿಭಾಗ ಸಿಕ್ಕಿದ ಸಹಪಾಠಿ ಶಿಕಾಯ್, ಮೊಡವೆಯಿಂದ ಯಾರೂ ಸಾಯುವುದಿಲ್ಲ, ತಾನಂತೂ ಹಾಯಾಗಿ ಮಲಗುತ್ತೇನೆ ಎಂದು ಛೇಡಿಸಿದ್ದ.

ಅವಳ ಕೈಯ ವಿಷಯ ಯಾರೂ ಎತ್ತಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಆಪರೇಷನ್ ಕೋಣೆಯಲ್ಲಿ ಒಬ್ಬ ಹೆಂಗಸಿನ ಹೊಟ್ಟೆಗೆ ಕೊನೆಯ ಹೊಲಿಗೆ ಹಾಕಲು ಸೂಜಿ ಅವಳ ಕೈಗೆ ಬಂದಿತ್ತು. ಚುಚ್ಚಿದಲ್ಲಿ ಒಂದು ಹನಿ ರಕ್ತ ಎದ್ದಿತು. ಅಷ್ಟೇ. ಕೈ ನಡುಗತೊಡಗಿತು. ಹಿಡಿದಷ್ಟೂ ನಡುಗಿತು. ಹೊಲಿಗೆ ಮಿಷನ್ನೂ ಇಷ್ಟು ಕುಣಿಯೋದಿಲ್ಲ ಎಂದು ದೊಡ್ಡ ಡಾಕ್ಟರು ಸೂಜಿ ಕಿತ್ತುಕೊಂಡಿದ್ದರು. ನರ್ಸು ಮುಖ ತಿರುಗಿಸಿದ್ದಳು.

ಮೇಷ್ಟ್ರ ಹತ್ತಿರ ಹೀಗೆ ಒಮ್ಮೆಯೂ ಆಗಿರಲಿಲ್ಲ. ಒಂದಿಡೀ ವರ್ಷ ಅವಳು, ಶಿಕಾಯ್, ಇನ್ನಿಬ್ಬರು ಅವರಿಂದ ಕಲಿತಿದ್ದರು. ಕತ್ತಿ ಹಿಡಿಯುವುದನ್ನು ಅವಳು ಕಲಿತದ್ದೇ ಅಲ್ಲಿ. ಅವರು ಗದರುವವರಲ್ಲ, ಅವಸರದವರಲ್ಲ. ಶಿಕಾಯ್ ಒಂದು ದಿನ ದೊಡ್ಡ ತಪ್ಪು ಮಾಡಿ ಅತ್ತಾಗಲೂ ಸುಮ್ಮನಿದ್ದರು. ಅವರ ಮುಂದೆ ನಿಂತರೆ ಅವಳ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಅದಕ್ಕೇ ಪಟ್ಟಿ ನೋಡಿದವಳೇ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಳು.

ಕೋ ಅಮ್ಮನಿಗೆ ಮೌನ ಸಹಿಸದು. “ನಿಮ್ಮ ಮೇಷ್ಟ್ರು ಮಹಾ ಸೋಮಾರಿ, ಗೊತ್ತಾ? ಬಟ್ಟೆ ಒಣಹಾಕಿ ಅಂದ್ರೆ ಎಡಭುಜ ನೋವು ಅನ್ನೋರು. ಊಟಕ್ಕೆ ಕರೆದ್ರೆ ಮಾತ್ರ ಎಲ್ಲೂ ನೋವಿಲ್ಲ. ನಾಟಕ ಅಂತ ಎಷ್ಟು ಬೈದಿದೀನಿ.”

ರುಯ್‌ಪಿಂಗ್ ತಲೆ ಎತ್ತಿದಳು. ಹೇಳಬೇಕೋ ಬೇಡವೋ ಎಂದು ಒಂದು ಬೀಜ ಬಿಡಿಸುವಷ್ಟು ಹೊತ್ತು ಯೋಚಿಸಿದಳು.

“ನಾಟಕ ಅಲ್ಲಮ್ಮ. ಒಳಗೆ ಸ್ನಾಯು ಹರಿದಿತ್ತು. ಹಳೇ ಪೆಟ್ಟು.”

ಕೋ ಅಮ್ಮನ ಸೂಜಿ ನಿಂತಿತು. “ತುಂಬಾನಾ?”

“ತುಂಬಾ.”

ಆಕೆ ಬಹಳ ಹೊತ್ತು ಅದೇ ಬೀಜವನ್ನು ಹಿಡಿದು ಕೂತರು. ಸ್ಪ್ಯಾನರುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ಒಲೆ ಹಚ್ಚಿದರು. ಪಾಯಸ ಕುದಿಯುವವರೆಗೂ ಸೌಟು ತಿರುವುತ್ತಲೇ ಇದ್ದರು.

“ನೀನು ಕೇಳೋಕೆ ಬಂದಿರೋದು ನನ್ನನ್ನಲ್ಲ,” ಎಂದರು ಕೊನೆಗೆ, ಬಟ್ಟಲು ತುಂಬುತ್ತಾ. “ಮುಖ ನೋಡಿದ್ರೇ ಗೊತ್ತಾಗುತ್ತೆ. ಒಳಗಿದ್ದಾರೆ, ಹೋಗು. ಮೊದಲು ಅವರಿಗಿಡು. ಸಕ್ಕರೆ ಜಾಸ್ತೀನೇ ಹಾಕಿದೀನಿ. ಈಗ ಅವರನ್ನ ಸಕ್ಕರೆ ಏನೂ ಮಾಡಲ್ಲ.”

ಬಟ್ಟಲು ಸುಡುತ್ತಿತ್ತು. ಅಂಚಿನವರೆಗೂ ತುಂಬಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದಳು. ಒಂದು ಹನಿಯೂ ತುಳುಕಲಿಲ್ಲ. ಮೇಷ್ಟ್ರ ಮುಂದೆ ಇಟ್ಟು ತಲೆಬಾಗಿದಳು.

ಊದುಬತ್ತಿಯ ಹೊಗೆಯ ಹಿಂದೆ, ಚೌಕಟ್ಟಿನಲ್ಲಿ, ಗ್ರೀಸು ಮೆತ್ತಿದ ಅಂಗಿಯಲ್ಲಿ ನಗುತ್ತಿದ್ದವರು ಸ್ಕೂಟರ್ ರಿಪೇರಿಯ ಕೋ. ಅವರು ಬದುಕಿದ್ದಾಗ ಅವಳು ಒಮ್ಮೆಯೂ ಅವರನ್ನು ಕಂಡಿರಲಿಲ್ಲ. ಸತ್ತ ಮೇಲೆ ಮೈಯನ್ನು ಹುಡುಗರ ಕಲಿಕೆಗೆಂದು ಕೊಟ್ಟಿದ್ದರು. ಹಾಗೆ ಬಂದವರನ್ನು ಅವಳ ಕಾಲೇಜಿನಲ್ಲಿ ಹೆಣ ಎನ್ನುವುದಿಲ್ಲ, ಮೇಷ್ಟ್ರು ಎನ್ನುತ್ತಾರೆ. ಇಡೀ ವರ್ಷ ಸ್ಟೀಲ್ ಮೇಜಿನ ಮೇಲೆ ಮಲಗಿ, ನಾಲ್ವರಿಂದ ಕೊಯ್ಯಿಸಿಕೊಂಡು, ಕೊನೆಗೆ ಅವಳ ಕೈಯಿಂದಲೇ ಹೊಲಿಸಿಕೊಂಡು ಅವರು ಚಿತೆಗೆ ಹೋಗಿದ್ದರು.

“ಮೇಷ್ಟ್ರೇ, ನಿಮಗೆ ರಕ್ತ ಬರ್ತಿರಲಿಲ್ಲ. ಬದುಕಿರೋರಿಗೆ ಬರುತ್ತೆ. ನಾಳೆ ನಾನು ಹೂಂ ಅನ್ನಲೋ ಬೇಡವೋ, ನೀವೇ ಒಂದು ಮಾತು ಹೇಳಿ.”