ತೊಳೆದ ಕಡಲೆಕಾಯಿ

"ಈ ಓಬಯ್ಯನ ತಲೇಲಿ ಬೀಜ ಇಲ್ಲ ಕಣ್ರಪ್ಪಾ, ಬರೀ ಸಿಪ್ಪೆ," ಎಂದು ಚಂದ್ರನ ಮೇಲಿನ ಏಳನೇ ಊರಿನ ಅಧ್ಯಕ್ಷೆ ನಾಗವೇಣಿ ತುಂಬಿದ ಸಭೆಯಲ್ಲೇ ಅಂದುಬಿಟ್ಟಳು. ಉಳಿದ ಆರು ಊರಿನವರೂ ನಕ್ಕರು.

ಭೂಮಿಯ ಕಡಲೆಕಾಯಿಗೆ ಅಲ್ಲಿನ ಮಾರುಕಟ್ಟೆ ತೆರೆಯಬೇಕಾದರೆ ಏಳೂ ಊರು ಕೈ ಎತ್ತಬೇಕು. ಚಳ್ಳಕೆರೆಯ ಬೆಳೆಗಾರರು ಓಬಯ್ಯನನ್ನು ರಾಯಭಾರಿ ಮಾಡಿ ಕಳಿಸಿದ್ದರು. ಮೂರು ತಿಂಗಳು ಅಲೆದು ಆರು ಊರನ್ನು ಒಪ್ಪಿಸಿದ್ದ. ಹೋದಲ್ಲೆಲ್ಲ ಅವನ ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿಸಿ ಉಜ್ಜಿ ಇಡುತ್ತಿದ್ದರು. ಅದು ತನಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದ.

"ಅಕ್ಕೋರೆ, ಮಣ್ಣಿರಬಾರದು ಅಂತ ನಿಮ್ಮ ಕಾನೂನಲ್ಲೇ ಐತಲ್ಲ. ಒಂದೊಂದು ಕಾಯಿನೂ ಮೂರು ಸಲ ತೊಳೆದೀವಿ."

"ಆ ಕಾನೂನು ಮಾಡಿದ್ದೇ ಬಾಗಿಲಲ್ಲಿ ಮಣ್ಣು ಉದುರಿಸಿಕೊಳ್ಳೋಕೆ ಕಣೋ. ತುಳಸಿ ನೆಡೋಕೆ ಇಲ್ಲಿ ಒಂದು ಹಿಡಿ ಮಣ್ಣಿಲ್ಲ. ಬರೀ ಕಾಯಿಗೆ ನನ್ನ ಕೈ ಏಳಲ್ಲ."

ತೊಳೆದು ತೊಳೆದು ಬಿರಿದಿದ್ದ ಅವ್ವನ ಬೆರಳುಗಳು ಓಬಯ್ಯನ ಕಣ್ಣಮುಂದೆ ಬಂದವು. ಕಡಲೆಕಾಯಿ ಚೀಲ ಹೆಗಲಿಗೇರಿಸಿ ಎದ್ದ. ಬಾಗಿಲಲ್ಲಿ ಕಾವಲುಗಾರ ಅವನ ಚಪ್ಪಲಿಯ ಸಂದಿಯನ್ನು ಬ್ರಷ್ಷಿನಿಂದ ಕೆರೆದು, ಉದುರಿದ್ದನ್ನು ಬಟ್ಟಲಲ್ಲಿ ಹಿಡಿಯುತ್ತಿದ್ದ.

"ಮುಂದಿನ ಸಲ ತೊಳೀದೆ ತಗೊಂಡು ಬಾರಪ್ಪಾ," ಎಂದು ನಾಗವೇಣಿ ಹಿಂದಿನಿಂದ ಕೂಗಿದಳು.

ಓಬಯ್ಯ ಕಾವಲುಗಾರನ ಕೈಯಿಂದ ಚಪ್ಪಲಿ ಕಿತ್ತುಕೊಂಡು ಬರಿಗಾಲಲ್ಲೇ ನಡೆದುಬಿಟ್ಟ.